ಬಿಸಿಲುಕೊಂಬೆಯ ಪಾಪ

ಗೊಬ್ಬಳಿಕೆರೆಯ ನಡುವೆ ಒಂದು ನಡುಗಡ್ಡೆ ಇತ್ತು, ಮಕ್ಕಳೇ. ನಡುಗಡ್ಡೆಯ ತುಂಬ ಗೊಬ್ಬಳಿ ಮರಗಳು. ಆ ಮರಗಳ ಪೂರ್ವದ ಕಡೆ, ಬೆಳಗಿನ ಬಿಸಿಲು ಎಲ್ಲಕ್ಕಿಂತ ಮೊದಲು ಬೀಳುವ ಕೊಂಬೆಗಳಲ್ಲಿ, ಬೆಳ್ಳಕ್ಕಿಗಳು ಗೂಡು ಕಟ್ಟಿಕೊಂಡಿದ್ದವು. ನೀರುಕಾಗೆಗಳಿಗೆ ಅಲ್ಲಿ ಜಾಗವಿರಲಿಲ್ಲ. ಅವು ದೂರದ ಮೂಲೆಯಲ್ಲಿ, ಪಾಚಿ ಕಟ್ಟಿದ ಒಂದು ಬೋಳು ಬಂಡೆಯ ಮೇಲೆ ಇದ್ದವು. ದಡದ ಹುಣಸೆಮರಗಳ ನೆರಳು ಸರಿದು ಆ ಬಂಡೆಗೆ ಬಿಸಿಲು ತಾಗುವ ಹೊತ್ತಿಗೆ ಅರ್ಧ ದಿನ ಕಳೆದುಹೋಗಿರುತ್ತಿತ್ತು.

ಯಾಕೆ ಹೀಗೆ ಎಂದು ಬೆಳ್ಳಕ್ಕಿಗಳನ್ನು ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಅವರ ಹಿರಿಯರು ಏನೋ ಮಹಾಪಾಪ ಮಾಡಿದರು. ಸೂರ್ಯ ಸಿಟ್ಟಿನಲ್ಲಿ ಸುಟ್ಟುಬಿಟ್ಟ. ಅದಕ್ಕೇ ಕಪ್ಪಗಿದ್ದಾರೆ. ಇವತ್ತಿಗೂ ಸೂರ್ಯನ ಮುಂದೆ ರೆಕ್ಕೆ ಚಾಚಿ ನಿಂತು ಕ್ಷಮೆ ಬೇಡ್ತಾರೆ, ನೋಡಿಲ್ಲವೇ?"

ನೋಡದವರು ಯಾರು? ನೀರುಕಾಗೆ ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ಹಕ್ಕಿ. ಮೇಲೆ ಬಂದ ಕೂಡಲೇ ಎರಡೂ ರೆಕ್ಕೆ ಅಗಲಿಸಿ ಬಿಸಿಲಿಗೆ ಮುಖ ಮಾಡಿ ನಿಲ್ಲುತ್ತದೆ. ಕಣ್ಣಾರೆ ಕಂಡದ್ದರ ಜೊತೆಗೆ ಅಜ್ಜಿ ಹೇಳಿದ ಕತೆಯೂ ಸೇರಿಕೊಂಡರೆ ಅದನ್ನು ಅಲುಗಿಸುವುದು ಸುಲಭವಲ್ಲ. ಬೆಳ್ಳಕ್ಕಿ ಮರಿಗಳು ಹಾರುವುದಕ್ಕಿಂತ ಮೊದಲು ಕಲಿಯುತ್ತಿದ್ದ ಪಾಠ ಇದೇ.

ತುಂಬೆ ಎಂಬ ಬೆಳ್ಳಕ್ಕಿಯೂ ಇದನ್ನು ನಂಬಿದ್ದಳು. ಅವಳೇನು ಕೆಟ್ಟವಳಲ್ಲ. ಯಾರನ್ನೂ ಕುಟುಕಿದವಳಲ್ಲ, ನೀರುಕಾಗೆಗಳನ್ನು ಕಂಡರೆ "ಅವರ ಹಣೆಬರಹ" ಎಂದು ಮರುಗುತ್ತಿದ್ದಳು ಕೂಡ. ನನ್ನನ್ನು ಕೇಳಿದರೆ, ಕೆಟ್ಟವರು ನಂಬುವ ಸುಳ್ಳಿಗಿಂತ ಒಳ್ಳೆಯವರು ನಂಬುವ ಸುಳ್ಳಿಗೆ ಆಯುಸ್ಸು ಹೆಚ್ಚು.

ಆ ವರ್ಷ ಮಳೆ ಧಾರಾಳವಾಗಿ ಸುರಿಯಿತು. ಕೆರೆ ಕೋಡಿ ಬಿತ್ತು. ಎಲ್ಲರೂ ಕುಣಿದಾಡಿದರು, ಬೆಳ್ಳಕ್ಕಿಗಳನ್ನು ಬಿಟ್ಟು. ಬೆಳ್ಳಕ್ಕಿ ಈಜುವ ಹಕ್ಕಿಯಲ್ಲ. ಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಹತ್ತಿರ ಬಂದ ಮೀನನ್ನು ಕಚ್ಚುವುದು ಅದರ ಕಸುಬು. ಈಗ ಚಳಿಗಾಲ ಬಂದರೂ ದಡದಲ್ಲೇ ಕತ್ತಿನವರೆಗೆ ನೀರು. ಮೀನುಗಳು ಕೆರೆಯ ಆಳದಲ್ಲಿ ಹಾಯಾಗಿದ್ದವು. ಕೆರೆ ತುಂಬಿತ್ತು, ಹೊಟ್ಟೆ ಖಾಲಿಯಾಗಿತ್ತು.

ತುಂಬೆಯ ಗೂಡಿನಲ್ಲಿ ಮೂರು ಮರಿಗಳಿದ್ದವು. ಗಂಡ ಗೂಡು ಕಾಯುತ್ತಿದ್ದ, ತುಂಬೆ ಗದ್ದೆ ಬಯಲಿಗೆ ಹೋಗಿ ಮಿಡತೆ, ಹುಳ ಏನು ಸಿಕ್ಕಿತೋ ಅದನ್ನು ತರುತ್ತಿದ್ದಳು. ಅದು ಸಾಲುತ್ತಿರಲಿಲ್ಲ. ದೊಡ್ಡವೆರಡು ಮರಿಗಳು ಇನ್ನೂ ಬಾಯಿ ತೆರೆದು ಕಿರುಚುತ್ತಿದ್ದವು. ಕಿರಿಯದು ಎರಡು ದಿನದಿಂದ ಕಿರುಚುವುದನ್ನೇ ಬಿಟ್ಟಿತ್ತು. ಮರಿ ಕಿರುಚಿದರೆ ತಾಯಿಗೆ ಕಿರಿಕಿರಿ, ಕಿರುಚದಿದ್ದರೆ ಭಯ. ತುಂಬೆಗೆ ಭಯವಾಗಿತ್ತು.

ಒಂದು ದಿನ ನಸುಕಿನಲ್ಲೇ ಬೆಳ್ಳಕ್ಕಿಗಳ ಯಜಮಾನ ಧವಳಪ್ಪ ಎಲ್ಲರನ್ನೂ ಸೇರಿಸಿದ. "ಇದಕ್ಕೆ ಒಂದೇ ದಾರಿ. ನೀರುಕಾಗೆಗಳು ಸಾಲಾಗಿ ಮುಳುಗಿ ಆಳದ ಮೀನನ್ನು ಏರಿಯ ಕಲ್ಲುಹಾಸಿನ ಕಡೆಗೆ ಅಟ್ಟಬಲ್ಲರು. ಅಲ್ಲಿ ನೀರು ಕಡಿಮೆ, ನಾವು ನಿಂತುಕೊಂಡರೆ ಅವರಿಗೂ ಊಟ, ನಮಗೂ ಊಟ. ಕೇಳೋಣ."

"ಪಾಪಿಗಳ ಜೊತೆ ಊಟವೇ?" ಎಂದು ಒಂದು ಮುದಿ ಬೆಳ್ಳಕ್ಕಿ ಮೂಗು ಮುರಿಯಿತು.

"ಹಸಿದವರ ಜೊತೆ ಊಟ" ಎಂದ ಧವಳಪ್ಪ. "ಯಾರು ಹೋಗ್ತೀರಿ?"

ಎಲ್ಲರೂ ಆಕಾಶ ನೋಡಿದರು. ತುಂಬೆ ಹೊರಟಳು.

ಅವಳು ಬಂಡೆಯ ಹತ್ತಿರ ಬಂದಾಗ ಹತ್ತಿಪ್ಪತ್ತು ನೀರುಕಾಗೆಗಳು ರೆಕ್ಕೆ ಅಗಲಿಸಿ ನಿಂತಿದ್ದವು. ಬಿಳಿ ರೆಕ್ಕೆ ಕಂಡದ್ದೇ ತಡ, ಎಲ್ಲವೂ ಒಟ್ಟಿಗೆ ರೆಕ್ಕೆ ಮಡಚಿಕೊಂಡವು. ಗರಿಗಳಿಂದ ನೀರು ಇಳಿಯುತ್ತಲೇ ಇತ್ತು. ಚಳಿಗೆ ಅವು ನಡುಗುತ್ತಿದ್ದವು. ತುಂಬೆ ಅದನ್ನು ನೋಡಿದಳು, ಏನೂ ಅರ್ಥವಾಗಲಿಲ್ಲ.

ನೀರುಕಾಗೆಗಳ ಹಿರಿಯಳು ಮುಳುಗವ್ವ. ವಯಸ್ಸಾದ, ಮಾತು ಕಡಿಮೆಯ ಹಕ್ಕಿ. ತುಂಬೆಯ ಮಾತನ್ನು ಪೂರ್ತಿ ಕೇಳಿಸಿಕೊಂಡಳು.

"ಬರ್ತೀವಿ" ಎಂದಳು. "ಮೀನು ಅಟ್ಟೋದು ನಮಗೆ ಹೊಸದಲ್ಲ. ಆದ್ರೆ ಒಂದು ಮಾತಿದೆ. ನಮ್ಮ ಹಿರಿಯರು ಮಾಡಿದ ಪಾಪ ಏನು?"

ತುಂಬೆ ಕಣ್ಣು ಮಿಟುಕಿಸಿದಳು.

"ನಾನು ಹುಟ್ಟಿದಾಗಿನಿಂದ ಕೇಳ್ತಾ ಇದೀನಿ, ಪಾಪ ಮಾಡಿದ್ದಾರೆ, ಪಾಪ ಮಾಡಿದ್ದಾರೆ ಅಂತ. ಏನು ಪಾಪ ಅಂತ ಯಾರೂ ಹೇಳಲಿಲ್ಲ. ನೀವು ಹೇಳಿ. ನಮ್ಮದು ತಪ್ಪಿದ್ರೆ ಪ್ರಾಯಶ್ಚಿತ್ತ ಮಾಡ್ಕೋತೀವಿ. ತಪ್ಪಿಲ್ಲ ಅಂದ್ರೆ ತಪ್ಪಿಲ್ಲ ಅಂತ ನಿಮ್ಮ ಬಾಯಲ್ಲೇ ಬರಲಿ. ಆಮೇಲೆ ಮೀನು."

ತುಂಬೆ ಹಿಂದಿರುಗಿ ಬಂದು ಹೇಳಿದಳು. ಬೆಳ್ಳಕ್ಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನು ಪಾಪ? ಎಳೆಯರು ದೊಡ್ಡವರನ್ನು ಕೇಳಿದರು, ದೊಡ್ಡವರು ಮುದುಕರನ್ನು ಕೇಳಿದರು, ಮುದುಕರು ಕೆಮ್ಮಿದರು. ಅಷ್ಟೂ ತಲೆಮಾರು ನಂಬಿದ ಕತೆಯ ಹೊಟ್ಟೆಯೊಳಗೆ ಏನೂ ಇರಲಿಲ್ಲ.

ಆದರೆ ಧವಳಪ್ಪ ಯಜಮಾನನಾದದ್ದು ಸುಮ್ಮನೆ ಅಲ್ಲ. ತುಸು ಹೊತ್ತು ಒಂಟಿಕಾಲಲ್ಲಿ ನಿಂತು ಯೋಚಿಸಿದ.

"ಗೊತ್ತಾಯಿತು" ಎಂದ. "ಈ ಮಾತು ನಮ್ಮದೇ ಅಲ್ಲ. ಮೊದಲು ನಾವೂ ನೀರುಕಾಗೆಗಳೂ ಅಣ್ಣತಮ್ಮಂದಿರ ಹಾಗೆ ಇದ್ದೆವು. ಹಿಮದ ಬೆಟ್ಟದಾಚೆಯಿಂದ ಈ ಹೆಬ್ಬಾತುಗಳು ಬರೋಕೆ ಶುರುವಾಯಿತಲ್ಲ, ಅವರೇ ತಂದದ್ದು. ಕಪ್ಪು ಬಿಳುಪು ಅಂತ ನಮ್ಮೊಳಗೆ ಹುಳಿ ಹಿಂಡಿದವರು ಅವರು."

ಎಲ್ಲರಿಗೂ ಎಂಥ ನಿರಾಳ ಅಂತೀರಿ. ಹೌದು, ಹೆಬ್ಬಾತುಗಳು! ಚಳಿಗಾಲಕ್ಕೆ ಬರುತ್ತವೆ, ದಡದ ಹುಲ್ಲೆಲ್ಲ ಮೇಯುತ್ತವೆ, ಬೇಸಿಗೆಗೆ ಮೊದಲು ಹೋಗುತ್ತವೆ. ಬಂಡೆಯ ಪಕ್ಕದಲ್ಲಿದ್ದ ನೀರುಕಾಗೆಗಳ ಮರಳುದಿಬ್ಬವನ್ನು ಕಿತ್ತುಕೊಂಡವರೂ ಅವರೇ ತಾನೆ? ಇಂಥ ಕೆಲಸ ಅವರದ್ದಲ್ಲದೆ ಇನ್ನಾರದ್ದು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಡೊಂಕಾಗಿದ್ದೂ ನಿಜವೇ, ಅದರಿಂದ ಮಾತು ಇನ್ನೂ ಚೆನ್ನಾಗಿ ಒಪ್ಪಿತು.

ತುಂಬೆಗೂ ಒಪ್ಪಿತು. ಅವಳು ಉತ್ಸಾಹದಿಂದಲೇ ಬಂಡೆಗೆ ಹಾರಿ ಮುಳುಗವ್ವನಿಗೆ ಹೇಳಿದಳು. ಮುಳುಗವ್ವ ತಲೆ ಅಲ್ಲಾಡಿಸಿದಳು, ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ.

"ಇದು ಹೆಬ್ಬಾತು ಬರೋಕಿಂತ ಮುಂಚಿನದು ಅಂತ ನಮ್ಮಜ್ಜಿ ಹೇಳ್ತಿದ್ಲು. ಅವಳಿಗೂ ಮರೆವಾಗಿರಬಹುದು. ಹೆಬ್ಬಾತಿನ ಬಾಯಲ್ಲಿ ಹೌದು ಅನ್ನಿಸು. ನಾಳೆ ಬೆಳಿಗ್ಗೆ ಬರ್ತೀವಿ."

ಇಷ್ಟೇ ತಾನೆ ಎಂದುಕೊಂಡು ತುಂಬೆ ಮರಳುದಿಬ್ಬಕ್ಕೆ ಹೋದಳು.

ಹೆಬ್ಬಾತುಗಳ ಮುಂದಾಳಿನ ಹೆಸರು ಪಟ್ಟೆರಾಯ. ನೆತ್ತಿಯ ಮೇಲೆ ಎರಡು ಕಪ್ಪು ಪಟ್ಟೆ, ನಡಿಗೆಯಲ್ಲಿ ಗತ್ತು. ತುಂಬೆಯ ದೂರನ್ನು ಕೇಳಿ ಅವನು ಸಿಟ್ಟಾಗಲಿಲ್ಲ. ಹುಲ್ಲು ಅಗಿಯುತ್ತಲೇ ಇದ್ದ.

"ನಮ್ಮ ಮುತ್ತಾತನ ಮುತ್ತಾತ ಮೊದಲ ಸಲ ಈ ಕೆರೆಗೆ ಇಳಿದ ಕತೆ ನಮ್ಮಲ್ಲಿ ಹೇಳ್ತಾರೆ" ಎಂದ. "ರೆಕ್ಕೆ ಮಡಚೋಕೂ ಬಿಡದೆ ಒಬ್ಬ ಬೆಳ್ಳಕ್ಕಿ ಓಡಿ ಬಂದನಂತೆ. ಬನ್ನಿ ಸ್ವಾಮಿ, ಆದರೆ ಆ ಕಡೆ ಇಳಿಯಬೇಡಿ, ಅದು ಪಾಪಿಗಳ ಕಡೆ ಅಂದನಂತೆ. ನೀರು ಎಲ್ಲಿ ಆಳ, ಹುಲ್ಲು ಎಲ್ಲಿ ಎಳೆಯದು ಅಂತ ಹೇಳಲಿಲ್ಲ. ಮೊದಲ ಮಾತೇ ಅದು."

"ಮತ್ತೆ ದಿಬ್ಬ ಕಿತ್ತುಕೊಂಡಿರಲ್ಲ?"

"ಕಿತ್ತುಕೊಂಡೆವು. ಮಲಗೋಕೆ ಜಾಗ ಬೇಕಿತ್ತು. ಪಾಪಿಗಳು ಅಂತ ನೀವೇ ಹೇಳಿದ ಮೇಲೆ ಅವರ ದಿಬ್ಬ ಕಿತ್ತುಕೊಂಡರೆ ಕೇಳುವವರು ಯಾರು? ನೀವು ಕೇಳಿದಿರಾ?"

ತುಂಬೆ ಬಂಡೆಯ ಕಡೆ ನೋಡಿದಳು.

"ಬಾಗಿಲು ತೆರೆದಿತ್ತು, ಒಳಗೆ ಬಂದೆವು. ಅದು ನಮ್ಮ ತಪ್ಪು, ಒಪ್ತೀನಿ. ಬಾಗಿಲು ತೆರೆದವರು ನಾವಲ್ಲ." ಪಟ್ಟೆರಾಯ ಕತ್ತು ಬಗ್ಗಿಸಿ ದನಿ ತಗ್ಗಿಸಿದ. "ಆದರೂ ನಿನಗೆ ಕಷ್ಟ ಇದೆ ಅಂತ ಕಾಣುತ್ತೆ. ಒಂದು ಕೆಲಸ ಮಾಡೋಣ. ಎಲ್ಲ ನಾವೇ ಮಾಡಿದ್ದು ಅಂತ ಆ ಮುದುಕಿಯ ಮುಂದೆ ಹೇಳಿಬಿಡ್ತೀನಿ. ನಡುಗಡ್ಡೆಯ ತೆಂಕಣದ ಹುಲ್ಲು ನಮಗೆ ಬಿಟ್ಟುಕೊಡಿ. ನಾನು ಎರಡು ತಿಂಗಳಲ್ಲಿ ಬೆಟ್ಟ ದಾಟಿ ಹೋಗುವವನು. ಬೈಗುಳ ನನ್ನ ಹಿಂದೆ ಅಷ್ಟು ದೂರ ಹಾರಿ ಬರೋದಿಲ್ಲ."

ತುಂಬೆಗೆ ಮೈ ಹಗುರಾಯಿತು. ಕೇಳಿದ್ದು ಸಿಕ್ಕಿತಲ್ಲ. ಆದರೆ ಬಂದ ಉತ್ತರ ಅವಳಿಗೆ ಬೇಕಾದ ಉತ್ತರವಾಗಿರಲಿಲ್ಲ. ಅವಳು ಹಾರದೆ ಅಲ್ಲೇ ನಿಂತಳು.

"ಮತ್ತೆ ನಿಜವಾಗಿ ಯಾರು?"

"ಚಿಪ್ಪಜ್ಜನ್ನ ಕೇಳು" ಎಂದ ಪಟ್ಟೆರಾಯ. "ಆದರೆ ಕೇಳದಿದ್ದರೆ ಒಳ್ಳೆಯದು."

ಕೆರೆಯ ತೂಬಿನ ಹತ್ತಿರ ಮೈ ಕಾಯಿಸುತ್ತಿದ್ದ ಆಮೆಯೇ ಚಿಪ್ಪಜ್ಜ. ಅವನ ವಯಸ್ಸು ಅವನಿಗೂ ಗೊತ್ತಿರಲಿಲ್ಲ. ಕೆರೆಗೆ ಹೆಬ್ಬಾತು ಬಂದದ್ದನ್ನು ನೋಡಿದವನು, ಬರುವುದಕ್ಕೆ ಮೊದಲಿನದನ್ನೂ ನೋಡಿದವನು.

"ಅಜ್ಜಾ, ನೀರುಕಾಗೆಗಳು ಮಾಡಿದ ಪಾಪ ಏನು?"

ಚಿಪ್ಪಜ್ಜ ಕತ್ತು ಹೊರಗೆ ಹಾಕಿ ಅವಳನ್ನು ನೋಡಿದ. "ಇಷ್ಟು ವರ್ಷಕ್ಕೆ ಒಬ್ಬರಾದರೂ ಕೇಳಿದರಲ್ಲ" ಎಂದ. "ನೀನು ಯಾವ ಕೊಂಬೆಯವಳು?"

"ಪೂರ್ವದ ದೊಡ್ಡ ಮರ, ಮೇಲಿನ ಕವಲು."

"ಹಾಗಾದರೆ ಕೂತ್ಕೋ. ಆಗ ಈ ಕೆರೆಯಲ್ಲಿ ಒಂದು ಪದ್ಧತಿ ಇತ್ತು. ಒದ್ದೆಯಾದವರಿಗೆ ಬಿಸಿಲು. ನೀರುಕಾಗೆಗಳು ಮುಳುಗಿ ಮೀನು ಅಟ್ಟುತ್ತಿದ್ದವು, ನಿಮ್ಮವರು ದಡದಲ್ಲಿ ಹಿಡಿಯುತ್ತಿದ್ದರು. ಬೇಟೆ ಮುಗಿದ ಮೇಲೆ ಪೂರ್ವದ ಕೊಂಬೆಗಳು ನೀರುಕಾಗೆಗಳಿಗೆ. ಅವರ ಗರಿ ನಿಮ್ಮ ಗರಿಯ ಹಾಗಲ್ಲ ಮಗಳೇ, ನೀರು ಕುಡಿಯುತ್ತೆ. ಒಣಗಿಸದೆ ಹಾರೋಕೆ ಹೋದರೆ ಮೈ ಭಾರವಾಗಿ ಬಿದ್ದುಹೋಗ್ತಾರೆ. ಅದಕ್ಕೇ ರೆಕ್ಕೆ ಹರಡಿ ನಿಲ್ಲೋದು."

"ಕ್ಷಮೆ ಕೇಳೋಕಲ್ಲವಾ?"

"ಒಣಗಿಸೋಕೆ" ಎಂದ ಚಿಪ್ಪಜ್ಜ. "ನಿಮ್ಮವರಲ್ಲಿ ಕುಂದ ಅಂತ ಒಬ್ಬಳಿದ್ದಳು. ಒಂದು ವರ್ಷ ಗೂಡು ಕಟ್ಟೋದು ತಡವಾಯಿತು. ಎಲ್ಲ ಕೊಂಬೆಯೂ ಭರ್ತಿ. ಉಳಿದದ್ದು ಆ ಬಿಸಿಲುಕೊಂಬೆ ಒಂದೇ. ಕೇಳಿದ್ದರೆ ಕೊಡ್ತಿದ್ದರೋ ಏನೋ. ಕೇಳೋಕೆ ಅವಳಿಗೆ ಬಿಗುಮಾನ. ಕಿತ್ತುಕೊಳ್ಳೋಕೆ ನಾಚಿಕೆ. ಅದಕ್ಕೆ ಪಕ್ಕದ ಗೂಡಿನವಳಿಗೆ ಮೆಲ್ಲಗೆ ಅಂದಳು, 'ನೋಡು, ಅವರು ಯಾವುದೋ ಪಾಪಕ್ಕೆ ಸೂರ್ಯನ ಹತ್ತಿರ ಕ್ಷಮೆ ಬೇಡ್ತಾ ಇದಾರೆ. ಸೂರ್ಯ ಸುಟ್ಟ ಬಣ್ಣ ಇನ್ನೂ ಹೋಗಿಲ್ಲ. ಅಂಥವರ ಕೆಳಗೆ ನಮ್ಮ ಮೊಟ್ಟೆ ಇರಬಹುದಾ?' ನಾನು ಕೊಂಬೆಯ ಕೆಳಗೇ ಇದ್ದೆ, ಕೇಳಿಸಿತು. ಪಕ್ಕದವಳು, ಏನು ಪಾಪ ಅಂದಳು. ಕುಂದ ಏನಂದಳು ಗೊತ್ತಾ? 'ಹೇಳಬಾರದಂಥದ್ದು' ಅಂದಳು."

ಚಿಪ್ಪಜ್ಜ ಉಸಿರೆಳೆದುಕೊಂಡ.

"ಅಲ್ಲಿಗೆ ಮುಗೀತು. ಹೇಳಬಾರದಂಥದ್ದು ಅಂದಮೇಲೆ ಯಾರು ಕೇಳ್ತಾರೆ? ಒಬ್ಬೊಬ್ಬರೂ ತಮಗೆ ತೋಚಿದ ಪಾಪವನ್ನ ಅದರೊಳಗೆ ತುಂಬಿಕೊಂಡರು. ಮಾರನೇ ದಿನ ನೀರುಕಾಗೆಗಳು ಬಂದಾಗ ಕೊಂಬೆಯ ತುಂಬ ನಿಮ್ಮವರು. ನಿಮ್ಮವರ ಸಿಟ್ಟು ತಣ್ಣಗಾಗಲಿ ಅಂತ ಅವರು ನಾಲ್ಕು ದಿನಕ್ಕೆ ಆ ಬಂಡೆಗೆ ಹೋದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಕುಂದ ಬಹಳ ಕಾಲ ಬದುಕಿದಳು. ಮುದುಕಿಯಾದಾಗ ತನ್ನ ಸುಳ್ಳನ್ನ ತಾನೇ ನಂಬಿದ್ದಳು. ನಿನ್ನ ಅಜ್ಜಿಯ ಅಜ್ಜಿಯ ಅಜ್ಜಿ ಆಕೆ. ನಿನ್ನ ಗೂಡಿರೋದು ಆ ಕೊಂಬೆಯಲ್ಲೇ."

ತುಂಬೆಗೆ ನಾಚಿಕೆಯಾಯಿತು. ಅವಳು ಯಾರ ಕೊಂಬೆಯನ್ನೂ ಕದ್ದಿರಲಿಲ್ಲ, ಯಾರ ಮೇಲೂ ಸುಳ್ಳು ಹೇಳಿರಲಿಲ್ಲ, ಆದರೂ ನಾಚಿಕೆಯಾಯಿತು. ಕದ್ದ ಬಿಸಿಲಿನಲ್ಲಿ ಬೆಚ್ಚಗೆ ಬೆಳೆದದ್ದು ಅವಳೇ ತಾನೆ.

ಅವಳು ಗೂಡಿಗೆ ಬಂದು ನೋಡಿದಳು. ಕಿರಿಯ ಮರಿ ಕಣ್ಣು ಮುಚ್ಚಿ ಮಲಗಿತ್ತು. ಕೊಕ್ಕಿನಿಂದ ತಟ್ಟಿದರೆ ಅರ್ಧ ಕಣ್ಣು ತೆರೆದು ಮತ್ತೆ ಮುಚ್ಚಿಕೊಂಡಿತು. ನಾಳೆ ಮೀನು ಸಿಕ್ಕರೆ ಇದು ಉಳಿಯುತ್ತದೆ, ನಾಡಿದ್ದು ಸಿಕ್ಕರೆ ಹೇಳಲಾಗದು.

ಧವಳಪ್ಪ ಕಾಯುತ್ತಿದ್ದ. "ಹೆಬ್ಬಾತು ಒಪ್ಪಿಕೊಂಡನಾ?"

"ಒಪ್ಪಿಕೊಳ್ಳೋಕೆ ಸಿದ್ಧ ಇದಾನೆ. ತೆಂಕಣದ ಹುಲ್ಲು ಕೇಳ್ತಾನೆ."

"ಕೊಟ್ಟರಾಯಿತು. ಹುಲ್ಲು ನಾವು ತಿನ್ನೋದಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ."

"ಆದರೆ ನಿಜ ಅದಲ್ಲ ಯಜಮಾನರೇ" ಎಂದು ತುಂಬೆ ಚಿಪ್ಪಜ್ಜ ಹೇಳಿದ್ದನ್ನೆಲ್ಲ ಹೇಳಿದಳು.

ಧವಳಪ್ಪನ ಮುಖ ಸಣ್ಣದಾಯಿತು. ಅವನೂ ಕುಂದಳ ವಂಶದವನೇ. "ಸತ್ತವಳ ಹೆಸರು ಯಾಕೆ ಎತ್ತಬೇಕು?" ಎಂದ. "ನಿಜ ಹೇಳಿದರೆ ಮುಳುಗವ್ವ ಸಿಟ್ಟಿಗೆದ್ದು ಬರೋದೇ ಇಲ್ಲ ಅನ್ನಬಹುದು. ಆಗ ನಿನ್ನ ಮರಿಯ ಗತಿ? ಹೆಬ್ಬಾತಿನ ಮೇಲೆ ಹಾಕು. ಅವನೇ ಹೆಗಲು ಕೊಟ್ಟು ನಿಂತಿದ್ದಾನೆ. ಅವನೇನು ಸಾಚಾ ಅಲ್ಲವಲ್ಲ."

ಅವನ ಮಾತಿನಲ್ಲಿ ತೂಕವಿತ್ತು. ತುಂಬೆ ಅದನ್ನು ತಳ್ಳಿಹಾಕಲಿಲ್ಲ. ಮರಿ ಬದುಕಬೇಕು, ಅದಕ್ಕೆ ಸುಳ್ಳೇ ಹತ್ತಿರದ ದಾರಿ. ನಿನ್ನೆಯವರೆಗೆ ಹೇಳಿದ್ದರೆ ಅದು ತಿಳಿಯದೆ ಹೇಳಿದ ಮಾತಾಗುತ್ತಿತ್ತು. ಇವತ್ತು ಅವಳಿಗೆ ತಿಳಿದಿದೆ. ನಾಳೆ ಅವಳ ಮರಿಗಳೇ ರೆಕ್ಕೆ ಬಲಿತು, ಅಮ್ಮಾ, ಅವರು ಮಾಡಿದ ಪಾಪ ಏನು ಎಂದು ಕೇಳಿದರೆ ಏನು ಹೇಳುವುದು? ಹೇಳಬಾರದಂಥದ್ದು ಎನ್ನಬೇಕು. ಆಗ ಈ ಕೆರೆಯಲ್ಲಿ ಇನ್ನೊಬ್ಬ ಕುಂದ ಹುಟ್ಟಿದಂತೆ.

"ಹೆಬ್ಬಾತು ಹಾರಿಹೋಗ್ತಾನೆ. ಕೊಂಬೆ ಇಲ್ಲೇ ಇರುತ್ತೆ. ನಾನು ನಿಜ ಹೇಳ್ತೀನಿ" ಎಂದು ಅವಳು ಹಾರಿದಳು. ಧವಳಪ್ಪ ಕೂಗಿದ್ದು ಅವಳಿಗೆ ಕೇಳಿಸಿತು, ಹಿಂದಿರುಗಿ ನೋಡಲಿಲ್ಲ.

ಬಂಡೆಯ ಮೇಲೆ ಮತ್ತೆ ಎಲ್ಲ ರೆಕ್ಕೆಗಳೂ ಮಡಚಿಕೊಂಡವು. ತುಂಬೆ ಮುಳುಗವ್ವನ ಎದುರಿಗೆ ಇಳಿದಳು. ಯಾವ ಪೀಠಿಕೆಯನ್ನೂ ಹಾಕಲಿಲ್ಲ.

"ನಿಮ್ಮವರು ಯಾವ ಪಾಪವನ್ನೂ ಮಾಡಿಲ್ಲ" ಎಂದಳು. "ಹೆಬ್ಬಾತು ತಂದ ಮಾತೂ ಅಲ್ಲ ಇದು. ನಮ್ಮ ಮನೆಯಲ್ಲೇ ಹುಟ್ಟಿದ್ದು. ನನ್ನ ಹಿರಿಯಜ್ಜಿ ಕುಂದಳಿಗೆ ನಿಮ್ಮ ಬಿಸಿಲುಕೊಂಬೆ ಬೇಕಿತ್ತು. ಅದಕ್ಕೆ ಸುಳ್ಳು ಹೇಳಿದಳು. ನಾವೆಲ್ಲ ಅದನ್ನೇ ಹೇಳ್ತಾ ಬಂದೆವು. ನಾನೂ ಹೇಳಿದ್ದೀನಿ."



"ಒಂದು ಕೊಂಬೆಗೆ?" ಎಂದಳು ಮುಳುಗವ್ವ.

"ಒಂದು ಕೊಂಬೆಗೆ."

ಮುಳುಗವ್ವ ನೀರಿನ ಕಡೆ ತಿರುಗಿದಳು. "ನಮ್ಮಮ್ಮ ಅದನ್ನ ನಂಬಿದ್ಲು" ಎಂದಳು. "ಇಷ್ಟು ಜನ ಹೇಳ್ತಾರೆ ಅಂದಮೇಲೆ ಏನೋ ಇದ್ದೇ ಇರಬೇಕು ಅಂತಿದ್ಲು. ನಿಮ್ಮವರು ನೋಡಿದ್ರೆ ಬೇಡ್ತಾ ಇದೀವಿ ಅಂದ್ಕೋತಾರೆ, ರೆಕ್ಕೆ ಮಡಚು ಅಂತ ನಮಗೆ ಕಲಿಸಿದ್ದು ಅವಳೇ. ಒಂದಿನ ನಿಮ್ಮವರ ಗುಂಪು ಬಂಡೆ ಮೇಲಿಂದ ಹಾರ್ತಾ ಇತ್ತು. ಅಮ್ಮ ಒದ್ದೆ ರೆಕ್ಕೆ ಮಡಚಿಕೊಂಡೇ ಕೂತಿದ್ಲು. ಹದ್ದು ಬಂತು. ಹಾರೋಕೆ ಹೋದ್ಲು, ಮೈ ಏಳಲಿಲ್ಲ."

ತುಂಬೆ ಅತ್ತಳು. ಹಕ್ಕಿಗಳು ಅಳುವುದಿಲ್ಲ ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅವರು ಹತ್ತಿರದಿಂದ ನೋಡಿಲ್ಲ. "ನನ್ನನ್ನ ಬೈಯಿರಿ" ಎಂದಳು. "ಮೀನು ಅಟ್ಟೋಕೆ ಬರದಿದ್ದರೂ ಸರಿಯೇ. ನಿಜ ಹೇಳೋಕೆ ಬಂದೆ, ಹೇಳಿದೆ."

"ನಿನ್ನ ಬೈದರೆ ಅಮ್ಮ ಬರೋದಿಲ್ಲ" ಎಂದಳು ಮುಳುಗವ್ವ. "ಮರಿಗಳಿದಾವಾ ನಿಂಗೆ?"

"ಮೂರು. ಕಿರಿಯದು ನಾಳೆಯ ತನಕ ತಡೆದರೆ ಹೆಚ್ಚು."

"ಮತ್ತೆ ನಾಳೆ ತನಕ ಯಾಕೆ?" ಎಂದು ಮುಳುಗವ್ವ ತನ್ನವರ ಕಡೆ ನೋಡಿ ಕತ್ತು ಆಡಿಸಿದಳು. ಇಡೀ ಬಂಡೆ ನೀರಿಗೆ ಧುಮುಕಿತು.

ಮುಂದಿನದು ಬೇಗ ಹೇಳುತ್ತೇನೆ. ನೀರುಕಾಗೆಗಳು ಅರ್ಧ ಚಂದ್ರನ ಆಕಾರದಲ್ಲಿ ಸಾಲುಗಟ್ಟಿದವು, ಮುಳುಗಿ ಎದ್ದು ಮುಳುಗಿ ಎದ್ದು ಕೆರೆಯ ಆಳವನ್ನು ಕಲಕಿದವು. ಮೀನುಗಳು ಕಂಗೆಟ್ಟು ಏರಿಯ ಕಲ್ಲುಹಾಸಿನ ಮೇಲೆ ನುಗ್ಗಿದವು. ಅಲ್ಲಿ ತುಂಬೆಯ ಕೂಗಿಗೆ ಹಾರಿ ಬಂದ ಬೆಳ್ಳಕ್ಕಿಗಳು ಕಾಲೂರಿ ನಿಂತಿದ್ದವು. ಪಾಪಿಗಳ ಜೊತೆ ಊಟವೇ ಎಂದು ಮೂಗು ಮುರಿದಿದ್ದ ಮುದಿ ಬೆಳ್ಳಕ್ಕಿ ಎಲ್ಲರಿಗಿಂತ ಮುಂದೆ ನಿಂತಿತ್ತು. ಎರಡೂ ಕಡೆಯವರ ಹೊಟ್ಟೆ ತುಂಬಿತು. ತುಂಬೆಯ ಕಿರಿಯ ಮರಿ ಮೊದಲ ಮೀನಿನ ಚೂರನ್ನು ನುಂಗಲು ಹೆಣಗಾಡಿತು, ಎರಡನೆಯದನ್ನು ತಾನೇ ಕಿತ್ತುಕೊಂಡಿತು, ಮೂರನೆಯದಕ್ಕೆ ಕಿರುಚಿತು.

ಬೇಟೆ ಮುಗಿದ ಮೇಲೆ ನೀರುಕಾಗೆಗಳು ತೊಯ್ದ ಮೈಯಲ್ಲಿ ಬಂಡೆಯ ಕಡೆಗೆ ಈಜತೊಡಗಿದವು. ತುಂಬೆ ಅವರಿಗೆ ಅಡ್ಡವಾಗಿ ಹಾರಿ ಬಂದಳು.

"ಅಲ್ಲಿ ಇನ್ನೂ ಬಿಸಿಲು ಬಂದಿಲ್ಲ" ಎಂದಳು. "ನಿಮ್ಮ ಕೊಂಬೆಗೆ ಬನ್ನಿ. ನನ್ನ ಗೂಡು ಇದೆ, ಮರಿ ಹಾರುವ ತನಕ ಇರಲು ಬಿಡಿ. ಉಳಿದ ಜಾಗವೆಲ್ಲ ನಿಮ್ಮದು."

ಧವಳಪ್ಪ ಏನೋ ಹೇಳಲು ಕೊಕ್ಕು ತೆರೆದ. ಕೊಕ್ಕಿನಲ್ಲಿ ಮೀನಿತ್ತು, ಮಾತು ಬರಲಿಲ್ಲ. ಎಲ್ಲ ಬೆಳ್ಳಕ್ಕಿಗಳೂ ಒಂದೇ ದಿನಕ್ಕೆ ಬದಲಾದವು ಎಂದು ನಾನು ಸುಳ್ಳು ಹೇಳುವುದಿಲ್ಲ. ಕೆಲವು ಎರಡು ಕೊಂಬೆ ಆಚೆಗೆ ಸರಿದು ಕೂತವು. ಆದರೆ ಪೂರ್ವದ ದೊಡ್ಡ ಮರದಲ್ಲಿ ಅಷ್ಟು ಹೊತ್ತಿಗೆ ಜಾಗ ಆಗಿತ್ತು.

ಮುಳುಗವ್ವ ನೀರಿಗೆ ಬಾಗಿದ ಕವಲು ಹಿಡಿದು ಹತ್ತಿ ಕೊಂಬೆಗೆ ಬಂದು ಕೂತಳು. ಸುತ್ತಲೂ ಬಿಳಿ ಹಕ್ಕಿಗಳು, ಎಲ್ಲರ ಕಣ್ಣೂ ಅವಳ ಮೇಲೆ. ಅವಳ ರೆಕ್ಕೆ ಅಭ್ಯಾಸಬಲದಿಂದ ಮೈಗೆ ಅಂಟಿಕೊಂಡೇ ಇತ್ತು. ಬಿಸಿಲು ಬೆನ್ನಿಗೆ ತಾಗಿತು. ಅವಳು ಒಮ್ಮೆ ತುಂಬೆಯನ್ನು ನೋಡಿದಳು. ಆಮೇಲೆ ಎರಡೂ ರೆಕ್ಕೆಗಳನ್ನು ಪೂರ್ತಿಯಾಗಿ, ಇದ್ದಷ್ಟೂ ಅಗಲಕ್ಕೆ, ಎಲ್ಲರೆದುರು ಬಿಡಿಸಿ ನಿಂತಳು. ಒಣಗುವ ತನಕ ಮಡಚಲಿಲ್ಲ.

ನೀತಿ: ಒಬ್ಬರನ್ನು ಕೀಳೆನ್ನುವ ಮಾತಿನ ಬುಡ ಕೆದಕಿದರೆ ಅಲ್ಲಿ ಸಿಗುವುದು ಅವರ ತಪ್ಪಲ್ಲ, ನಮ್ಮವರ ಆಸೆ; ಆ ಮಾತನ್ನು ಹೊರಗಿನವರ ತಲೆಗೆ ಕಟ್ಟಿದರೆ ಬುಡ ಹಾಗೆಯೇ ಉಳಿಯುತ್ತದೆ.